ಗುಲ್ಮಾರ್ಗಿಗೆ ಹೋದ ಕ್ಯಾಮೆರಾ

ಬೆಂಗಳೂರಿನ ಪಡುವಣ ಭಾಗದಲ್ಲಿ, ವಿಜಯನಗರಕ್ಕೆ ಹೊಂದಿಕೊಂಡಿರುವ ಆರ್‌ಪಿಸಿ ಲೇಔಟಿನಲ್ಲಿ ನಮ್ಮ ಮನೆ ಇರುವುದು. ಮಾಗಿಯ ಬೆಳಗಿನಲ್ಲಿ ಹಾಲು ತರಲು ಬೀದಿಯ ತಿರುವಿನವರೆಗೆ ಹೋಗಬೇಕಾದರೂ ಮಫ್ಲರನ್ನು ಹುಡುಕತಕ್ಕವರು ನಾವು. ಇಂತಹ ನಾವು 2024ರ ಫೆಬ್ರವರಿಯಲ್ಲಿ ಹಿಮದ ಮೇಲೆ ಸ್ಕೀ ಕಲಿಯಲು ಕಾಶ್ಮೀರದ ಗುಲ್ಮಾರ್ಗಿಗೆ ಹೊರಟೆವೆಂದಾಗ ನೆರೆಹೊರೆಯವರು ನಕ್ಕುದರಲ್ಲಿ ಆಶ್ಚರ್ಯವೇನೂ ಇಲ್ಲ.

ಹೊರಡುವ ಹಿಂದಿನ ರಾತ್ರಿ ನಮ್ಮ ತಾಯಿಯವರು ಬೀರುವಿನ ಬಾಗಿಲು ತೆರೆದು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಒಂದು ಗಂಟನ್ನು ತಂದು ನಮ್ಮ ಮುಂದಿಟ್ಟರು. ಅದರಲ್ಲಿದ್ದುದು ನಮ್ಮ ತಂದೆಯವರ ಯಾಷಿಕಾ ಕ್ಯಾಮೆರಾ. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಅವರು, ಬೇರೊಬ್ಬರು ಬಳಸಿದ್ದುದನ್ನು ಒಂದು ವರ್ಷದ ಬೋನಸ್ಸಿನ ಹಣದಿಂದ ಕೊಂಡಿದ್ದರು. ಬ್ಯಾಟರಿಯ ಹಂಗಿಲ್ಲದ, ಫಿಲ್ಮಿನ ಸುರುಳಿ ಹಾಕಿ ತೆಗೆಯುವ ಯಂತ್ರವದು.

“ಹಿಮ ನೋಡಬೇಕೆಂದು ಅವರು ಎಷ್ಟು ಸಲ ಹೇಳುತ್ತಿದ್ದರು! ಅವರಿಗಂತೂ ಆಗಲಿಲ್ಲ; ಅವರ ಕ್ಯಾಮೆರಾವಾದರೂ ನೋಡಲಿ. ಒಡೆಯದ ಹಾಗೆ ತಂದುಬಿಡಪ್ಪ,” ಎಂದರು. ಈ ಮಾತಿಗೆ ಎದುರಾಡುವುದು ಸಾಧ್ಯವೆ? ಬಿದ್ದೇ ಬೀಳುವೆವೆಂದು ತಿಳಿದಿದ್ದ ಆಟಕ್ಕೆ, ಬೀಳಿಸಬಾರದ ವಸ್ತುವನ್ನು ಹೊತ್ತುಕೊಂಡು ಹೊರಟೆವು.

ವಿಮಾನದಲ್ಲಿ ಶ್ರೀನಗರ, ಅಲ್ಲಿಂದ ಸುಮಾರು ಐವತ್ತು ಕಿಲೋಮೀಟರು ಗುಲ್ಮಾರ್ಗ. ಟಂಗ್‌ಮಾರ್ಗಿನಿಂದ ಮುಂದೆ ಹಿಮ ಹೆಚ್ಚಾದುದರಿಂದ ಕಾರಿನ ಗಾಲಿಗಳಿಗೆ ಸರಪಳಿ ಕಟ್ಟಿದರು. ಗುಲ್ಮಾರ್ಗವು ಸಮುದ್ರಮಟ್ಟದಿಂದ ಸುಮಾರು 2,650 ಮೀಟರು ಎತ್ತರದಲ್ಲಿದೆ. ಅಲ್ಲಿಂದ ಕೊಂಗ್‌ಡೂರಿಯವರೆಗೆ 1998ರಲ್ಲಿಯೂ, ಅದರ ಮೇಲಿನ ಅಫರ್ವತ್ ಬೆಟ್ಟದವರೆಗೆ 2005ರಲ್ಲಿಯೂ ತೂಗುತೊಟ್ಟಿಲಿನ ದಾರಿ ಆರಂಭವಾಯಿತು. ಆ ತಿಂಗಳಿನಲ್ಲಿಯೇ ಅಲ್ಲಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳೂ ನಡೆದವು. ಹಿಮವೇ ಬೀಳದ ಕೊಡಗಿನಲ್ಲಿ ಹುಟ್ಟಿದ ಭವಾನಿ ತೆಕ್ಕಡ ನಂಜುಂಡ ಅವರು ಇಂತಹ ಹಿಮದ ಮೇಲೆ ಸ್ಕೀ ಓಡಿ ಕರ್ನಾಟಕಕ್ಕೆ ಪದಕಗಳನ್ನು ತಂದಿರುವರೆಂಬುದನ್ನು ನೆನೆದು ನಮಗೂ ಕೊಂಚ ಧೈರ್ಯ ಬಂದಿತು.

ಆ ಧೈರ್ಯವು ಉಳಿದುದು ಮೊದಲನೆಯ ಇಳಿಜಾರಿನವರೆಗೆ ಮಾತ್ರ. ದೂರದ ಬೆಟ್ಟ ನುಣ್ಣಗೆಂಬ ಗಾದೆಯನ್ನು ಮಾಡಿದವರು ಹಿಮದ ಬೆಟ್ಟವನ್ನು ಕಂಡಿರಲಾರರು. ಅದು ಹತ್ತಿರದಿಂದಲೂ ನುಣ್ಣಗೆಯೇ, ತೊಂದರೆಯೆಲ್ಲ ಅದರಿಂದಲೇ. ಕ್ಯಾಮೆರಾವನ್ನು ಊರಿನಲ್ಲಿ ಮಾಡುವಂತೆ ಕೊರಳಿಗೆ ತೂಗುಹಾಕಿಕೊಂಡಿದ್ದೆವು. ಹತ್ತು ಮಾರು ಜಾರಿ ಪಕ್ಕಕ್ಕೆ ಉರುಳಿದಾಗ ಅದು ಗಂಟೆಯ ನಾಲಗೆಯಂತೆ ಬೀಸಿ ಬಂದು ದವಡೆಗೆ ಬಡಿಯಿತು. ಚರ್ಮದ ಚೀಲದೊಳಗೆಲ್ಲ ಹಿಮದ ಪುಡಿ. ನಮ್ಮ ಮೈಯ ನೋವನ್ನು ಮರೆತು ಮೊದಲು ಮಸೂರವನ್ನು ನೋಡಿದೆವು, ದೈವವಶಾತ್ ಒಡೆದಿರಲಿಲ್ಲ. ಬಾಯಿಂದ ಊದಿ ಹಿಮವನ್ನು ತೆಗೆಯಹೋದೆವು. ಉಸಿರು ಗಾಜಿನ ಮೇಲೆ ಹೆಪ್ಪುಗಟ್ಟಿತು.

ಆದರೆ ನಿಜವಾದ ಅಪಾಯವು ಬೆಟ್ಟದ ಮೇಲಿರಲಿಲ್ಲ. ಸಂಜೆ ನಡುಗುತ್ತ ಬಂದು, ಒಲೆ ಉರಿಯುತ್ತಿದ್ದ ಬಿಸಿ ಕೋಣೆಯಲ್ಲಿ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟೆವು. ನಿಮಿಷಾರ್ಧದಲ್ಲಿ ಅದರ ಮೈಯೆಲ್ಲ ಬೆವೆತು, ಮಸೂರದ ಒಳಗಡೆಯೇ ಮಂಜು ಕವಿಯಿತು. ಫ್ರಿಜ್ಜಿನಿಂದ ಹೊರತೆಗೆದ ಹಾಲಿನ ಪಾತ್ರೆಯು ಬೆವರುವುದನ್ನು ದಿನವೂ ಕಾಣುವ ನಮಗೆ ಈ ಸಂಗತಿ ಹೊಳೆಯದೆ ಹೋಯಿತಲ್ಲ! ತಣ್ಣನೆಯ ಲೋಹಕ್ಕೆ ಬಿಸಿಗಾಳಿಯಲ್ಲಿರುವ ತೇವವು ತಾಗಿ ನೀರಾಗುವುದು. ಒಳಗೆ ನಿಂತ ಆ ನೀರಿನಿಂದ ಕೀಲುಗಳಿಗೆ ತುಕ್ಕು ಹಿಡಿಯಬಹುದು, ಗಾಜಿಗೆ ಬೂಸಲು ಬರಬಹುದು. ಅಂದು ರಾತ್ರಿ ನಮಗೆ ಸರಿಯಾಗಿ ನಿದ್ರೆ ಬರಲಿಲ್ಲ. ಬೆಳಗಿಗೆ ಮಸೂರವು ತಿಳಿಯಾಗಿದ್ದುದನ್ನು ಕಂಡ ಮೇಲೆ ಜೀವ ಬಂದಿತು.

ನಮಗೆ ಕಲಿಸುತ್ತಿದ್ದ ಕಾಶ್ಮೀರಿ ಹಿರಿಯರು ಈ ಕತೆಯನ್ನು ಕೇಳಿ ನಕ್ಕು, ತಮ್ಮ ಫಿರನ್ ಎಂಬ ನಿಲುವಂಗಿಯನ್ನು ತೋರಿಸಿದರು. ಬೆಚ್ಚಗಿಡಬೇಕಾದುದೆಲ್ಲ ಅವರಿಗೆ ಅದರೊಳಗೆ. ಕಾಂಗ್ರಿಯೆಂಬ ಕೆಂಡದ ಕುಡಿಕೆಯೂ ಅಲ್ಲಿಯೇ. ಕ್ಯಾಮೆರಾವನ್ನು ಕೆಂಡದ ಬಳಿ ಇಡಬಾರದು, ಅಂಗಿಯೊಳಗೆ ಇಡಬಹುದು ಎಂದರು. ಇದು ಹೊಸ ಉಪಾಯವಲ್ಲ. 1953ರ ಮೇ 29ರಂದು ಎವರೆಸ್ಟಿನ ಮೇಲೆ ತೇನ್‌ಸಿಂಗರ ಚಿತ್ರವನ್ನು ತೆಗೆದ ಹಿಲರಿಯವರು ತಮ್ಮ ಕ್ಯಾಮೆರಾವನ್ನು ಶರಟಿನ ಒಳಗೇ ಬೆಚ್ಚಗಿಟ್ಟುಕೊಂಡು ಏರಿದ್ದರು. ಅದಕ್ಕಿಂತ ಮೊದಲು 1924ರಲ್ಲಿ ಮ್ಯಾಲೊರಿಯವರು ಕೊಂಡೊಯ್ದರೆನ್ನುವ ಪುಟ್ಟ ಕೊಡಾಕ್ ಕ್ಯಾಮೆರಾ ಮಾತ್ರ ಮರಳಲಿಲ್ಲ. 1999ರಲ್ಲಿ ಅವರ ದೇಹವು ಸಿಕ್ಕಿದಾಗಲೂ ಅದು ಸಿಕ್ಕಲಿಲ್ಲ. ಅವರು ಶಿಖರವನ್ನು ಮುಟ್ಟಿದರೆ ಇಲ್ಲವೆ ಎಂಬ ಪ್ರಶ್ನೆಯೂ ಅದರೊಡನೆಯೇ ಉಳಿದುಹೋಯಿತು.

ಮರುದಿನದಿಂದ ನಾವು ಅನುಸರಿಸಿದ ಕ್ರಮವನ್ನು, ಮುಂದೆ ಹೋಗತಕ್ಕ ವಾಚಕರ ಉಪಯೋಗಕ್ಕಾಗಿ ಇಲ್ಲಿ ಹೇಳುವೆವು. ಹೊಸಬರು ಹೆಚ್ಚಾಗಿ ಬೀಳುವುದು ಪಕ್ಕಕ್ಕೆ ಇಲ್ಲವೆ ಹಿಂದಕ್ಕೆ. ಆದುದರಿಂದ ಸೊಂಟದಲ್ಲಿಯೂ ಬೆನ್ನಿನಲ್ಲಿಯೂ ಕ್ಯಾಮೆರಾ ಬೇಡ. ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಅಲುಗಾಡದಂತೆ ಎದೆಯ ಮೇಲ್ಭಾಗಕ್ಕೆ ಕಟ್ಟಿ, ಮೇಲಂಗಿಯ ಗುಂಡಿ ಹಾಕಬೇಕು. ಅದೂ ಚಿಕ್ಕ ಕ್ಯಾಮೆರಾ ಆದರೆ ಮಾತ್ರ; ದೊಡ್ಡದರ ಮೇಲೆ ಬೋರಲಾಗಿ ಬಿದ್ದರೆ ಪಕ್ಕೆಲುಬಿಗೇ ಅಪಾಯ. ಕಡಿದಾದ ಇಳಿಜಾರಿಗೆ ಹೋಗುವಾಗ ಕೆಳಗೆ ನಿಂತವರ ಕೈಗೆ ಕೊಟ್ಟುಹೋಗುವುದೇ ಮೇಲು. ಹಿಮದ ಪುಡಿಯನ್ನು ಕುಂಚದಿಂದ ಒರಸಬೇಕು, ಊದಬಾರದು. ಚಳಿಯಲ್ಲಿ ಫಿಲ್ಮು ಪೆಡಸಾಗುವುದರಿಂದ ಮೆಲ್ಲಗೆ ತಿರುಗಿಸಬೇಕು. ಬ್ಯಾಟರಿಯ ಕ್ಯಾಮೆರಾದವರು ಇನ್ನೊಂದು ಬ್ಯಾಟರಿಯನ್ನು ಒಳಜೇಬಿನಲ್ಲಿ ಇಟ್ಟುಕೊಳ್ಳಬೇಕು. ನಮ್ಮ ಮಗನ ಫೋನು ಚಳಿಗೆ ಮಧ್ಯಾಹ್ನವೇ ಕಣ್ಣು ಮುಚ್ಚಿತು. ಎಲ್ಲಕ್ಕಿಂತ ಮುಖ್ಯವಾದುದೆಂದರೆ, ಮನೆಯೊಳಗೆ ಬರುವ ಮುನ್ನ ಹೊರಗಿನ ಚಳಿಯಲ್ಲಿಯೇ ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಮುಚ್ಚಿ, ಒಳಗೆ ಎರಡು ಮೂರು ಗಂಟೆ ತೆರೆಯದೆ ಬಿಡಬೇಕು. ಆಗ ಬೆವರುವುದು ಚೀಲವೇ ಹೊರತು ಕ್ಯಾಮೆರಾ ಅಲ್ಲ.

ಕಡೆಯ ದಿನ ಕೊಂಗ್‌ಡೂರಿಗೆ ಏರಿದೆವು. ಮೋಡಗಳು ಸರಿದು, ಬಡಗಣ ದಿಕ್ಕಿನಲ್ಲಿ 8,126 ಮೀಟರಿನ ನಂಗಾ ಪರ್ವತವು ಕಾಣಿಸಿಕೊಂಡಿತು. ಸುರುಳಿಯಲ್ಲಿ ಉಳಿದಿದ್ದುದು ಮೂರೇ ಚಿತ್ರಗಳಿಗೆ ಸ್ಥಳ. ಉಸಿರು ಬಿಗಿಹಿಡಿದು ಮೂರನ್ನೂ ತೆಗೆದೆವು.

“ಅಪ್ಪಾ, ಎದೆಗೆ ಕಟ್ಟಿಕೊಂಡರೆ ಆಯಿತಲ್ಲ, ಸ್ಕೀಯಲ್ಲೇ ಇಳಿದುಬಿಡೋಣ,” ಎಂದ ನಮ್ಮ ಮಗ. ನಾಲ್ಕು ದಿನ ಬಿದ್ದು ಎದ್ದು ಕಲಿತದ್ದು ಆ ಇಳಿಜಾರಿಗಾಗಿಯೇ. ಮನಸ್ಸು ಎಳೆಯಿತು. ಆದರೆ ಅದರೊಳಗೆ ನಂಗಾ ಪರ್ವತವಿತ್ತು. ಅವನನ್ನು ಗುರುಗಳೊಡನೆ ಕಳುಹಿಸಿ, ನಾವು ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ತೂಗುತೊಟ್ಟಿಲಿನಲ್ಲಿ ಇಳಿದೆವು. ಗಾಜಿನ ಆಚೆ ಅವನು ಚುಕ್ಕೆಯಾಗಿ ಜಾರಿಹೋಗುತ್ತಿದ್ದುದನ್ನು ಕಂಡು ಹೊಟ್ಟೆಕಿಚ್ಚಾಗಲಿಲ್ಲವೆಂದರೆ ಸುಳ್ಳಾದೀತು.

ಊರಿಗೆ ಬಂದು ಫಿಲ್ಮನ್ನು ತೊಳೆಸಿದೆವು. ಮೊದಲ ದಿನದ ಚಿತ್ರಗಳಲ್ಲಿ ಹಿಮವು ಬೂದಿಯಂತೆ ಬಂದಿತ್ತು. ಹಿಮದ ಬಿಳುಪು ಬೆಳಕಿನ ಅಳತೆಯನ್ನು ತಪ್ಪಿಸುವುದರಿಂದ ಒಂದರಿಂದ ಎರಡು ಸ್ಟಾಪಿನಷ್ಟು ಹೆಚ್ಚು ಬೆಳಕು ಕೊಡಬೇಕೆಂಬುದನ್ನು ತಡವಾಗಿ ತಿಳಿದೆವು. ಆದರೆ ಕಡೆಯ ಮೂರರಲ್ಲಿ ಒಂದು ಸ್ಫುಟವಾಗಿತ್ತು.

ತಾಯಿಯವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಇದರಲ್ಲಿ ನೀವು ಯಾರೂ ಇಲ್ಲವಲ್ಲ,” ಎಂದರು. ಬೆಟ್ಟವನ್ನು ನೋಡುವ ಅವಸರದಲ್ಲಿ ಮರೆತೆವೆಂದೆವು.

“ಇರಲಿ ಬಿಡು. ಅವರು ತೆಗೆದ ಚಿತ್ರಗಳಲ್ಲಿಯೂ ಎಲ್ಲರೂ ಇರುತ್ತಿದ್ದರು, ಅವರೊಬ್ಬರೇ ಇರುತ್ತಿರಲಿಲ್ಲ,” ಎಂದು ಹೇಳಿ, ಹಳೆಯ ಆಲ್ಬಮ್ಮಿನ ಕಡೆಯ ಖಾಲಿ ಪುಟದಲ್ಲಿ ಅದನ್ನು ಸಿಕ್ಕಿಸಿದರು. ಕ್ಯಾಮೆರಾವು ಮತ್ತೆ ಸೀರೆಯ ತುಂಡಿನೊಳಗೆ ಸೇರಿತು.