ಮನೆ ಯಾರದು, ರುಜು ಯಾರದು

ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆಯ ಕರಾರುಪತ್ರಕ್ಕೆ ರುಜು ಹಾಕುವುದು ನಮ್ಮಂಥ ಪರವೂರಿನವರಿಗೆ ಯುಗಾದಿ ದೀಪಾವಳಿಗಳಷ್ಟೇ ತಪ್ಪದೆ ಬರುವ ಕರ್ಮ. ಮಾಲೀಕ ಒಂದು ಕಡೆ, ನಾವು ಒಂದು ಕಡೆ, ನಡುವೆ ಇಬ್ಬರು ಸಾಕ್ಷಿಗಳು. ಛಾಪಾ ಕಾಗದದ ಖರ್ಚು ಯಾವಾಗಲೂ ನಮ್ಮದೇ. ಆದರೆ ಮಾಲೀಕ ಎಂದರೆ ಯಾರು ಎಂಬ ಪ್ರಶ್ನೆ ಎದುರಾದದ್ದು 2014ರಲ್ಲಿ ನಾನು ಶಿಲ್ಲಾಂಗಿಗೆ ವರ್ಗವಾಗಿ ಹೋದಾಗ.

ಮನೆ ತೋರಿಸಿದವಳು ಮೂವತ್ತರ ಆಸುಪಾಸಿನ ಖಾಸಿ ಹೆಂಗಸು. ಬಾಡಿಗೆ, ಮುಂಗಡ ಎಲ್ಲ ಕುದುರಿತು. ಕೊನೆಯಲ್ಲಿ, "ಭಾನುವಾರ ಸೋದರಮಾವ ಬರುತ್ತಾರೆ, ಆಮೇಲೆ ಹೇಳುತ್ತೇನೆ" ಎಂದಳು. ಬೇರೆಯವರಿಗೆ ಇದು ನೆವವಾಗಿ ಕಾಣುತ್ತಿತ್ತೋ ಏನೋ. ನಾನು ಉಡುಪಿ ಕಡೆಯವನು, ಅಜ್ಜಿಯ ಮನೆತನ ಅಳಿಯಸಂತಾನದ್ದು. ಸೋದರಮಾವನನ್ನು ಕೇಳದೆ ಮನೆಯಲ್ಲಿ ಒಂದು ತೆಂಗಿನಮರವನ್ನೂ ಕಡಿಯುತ್ತಿರಲಿಲ್ಲವೆಂದು ಕೇಳಿ ಬೆಳೆದವನು. ಭಾನುವಾರ ಹೋದೆ. ಮುದುಕರು ಮೊದಲು ಎಲೆ, ಸುಣ್ಣ, ಹಸಿ ಅಡಿಕೆ ಕೊಟ್ಟರು. ಅವರ ಭಾಷೆಯಲ್ಲಿ ಅದಕ್ಕೆ 'ಕ್ವಾಯ್' ಎಂದು ಹೆಸರು. ಅದಿಲ್ಲದೆ ಮಾತು ಶುರುವಾಗುವುದಿಲ್ಲ. ನಮ್ಮ ಒಣ ಅಡಿಕೆಯ ಅಭ್ಯಾಸದವರಿಗೆ ಅದನ್ನು ಜಗಿದರೆ ಕಿವಿ ಬಿಸಿಯಾಗಿ ಬೆವರು ಕಿತ್ತುಬರುತ್ತದೆ. ನಾನು ಬೆವರಿದ್ದನ್ನು ನೋಡಿಯೇ ಮನೆ ಕೊಟ್ಟರೆಂದು ನನ್ನ ಹೆಂಡತಿಯ ಅಭಿಪ್ರಾಯ.

ಖಾಸಿಗಳಲ್ಲಿ ಕುಲ ತಾಯಿಯಿಂದ ಬರುತ್ತದೆ. ಮೂಲದ ಮನೆ ಕಿರಿಯ ಮಗಳಿಗೆ. ಆಕೆಗೆ 'ಕಾ ಖದ್ದು' ಎನ್ನುತ್ತಾರೆ. ತಂದೆತಾಯಿಗಳನ್ನು ನೋಡಿಕೊಳ್ಳುವುದು, ಮನೆತನದ ಕ್ರಿಯಾಕರ್ಮ ನಡೆಸುವುದು, ಎಲ್ಲಿಂದಲೋ ಸೋತು ಬಂದ ಅಣ್ಣನಿಗೆ ಅನ್ನ ಹಾಕುವುದು, ಎಲ್ಲ ಅವಳ ಪಾಲಿನವು. ಹಾಗೆಂದು ಮನೆಯನ್ನು ಮಾರಲು ಅವಳೊಬ್ಬಳಿಗೆ ಅಧಿಕಾರವಿಲ್ಲ. ಅವಳು ಒಡತಿ ಎನ್ನುವುದಕ್ಕಿಂತ ಕಾವಲುಗಾರ್ತಿ. ಮಾವಂದಿರು, ಅಣ್ಣಂದಿರು ಒಪ್ಪಬೇಕು. ನಮ್ಮಲ್ಲಿಯೂ 1949ರ ಮದರಾಸು ಅಳಿಯಸಂತಾನ ಕಾಯಿದೆ ಬರುವ ತನಕ ಎಲ್ಲರೂ ಒಪ್ಪದೆ ಕುಟುಂಬದ ಆಸ್ತಿ ಪಾಲಾಗುತ್ತಿರಲಿಲ್ಲ. ಕಾಯಿದೆ ಬಂತು, ಕವರು ಕವರಾಗಿ ಹಂಚಿಹೋಯಿತು. ಅಜ್ಜಿಯ ಮನೆಯ ಚಾವಡಿಯ ಕಂಬಗಳು ಈಗ ಯಾರ ಹೋಟೆಲಿನಲ್ಲಿವೆಯೋ ಗೊತ್ತಿಲ್ಲ.

ನೆಲದ ಲೆಕ್ಕ ಇನ್ನೂ ಸ್ವಾರಸ್ಯದ್ದು. ಕುಲದವರ ಇಲ್ಲವೆ ಸ್ವಂತದವರ ನೆಲ 'ರಿ ಕಿಂತಿ', ಸಮುದಾಯದ ನೆಲ 'ರಿ ರೈಡ್'. ಸಮುದಾಯದ ನೆಲದಲ್ಲಿ ಬೇಸಾಯ ಮಾಡಬಹುದು, ಮನೆ ಕಟ್ಟಬಹುದು. ಆದರೆ ಮೂರು ವರ್ಷ ಹಾಳು ಬಿಟ್ಟರೆ ಅದು ಊರಿಗೇ ಮರಳುತ್ತದೆ. ಇದರ ಮೇಲೆ ಸಂವಿಧಾನದ ಆರನೆಯ ಅನುಸೂಚಿಯ ರಕ್ಷಣೆಯಿದೆ. 1971ರ ಮೇಘಾಲಯ ಭೂ ವರ್ಗಾವಣೆ ಕಾಯಿದೆಯಂತೆ ಗಿರಿಜನರ ಭೂಮಿ ಹೊರಗಿನವರಿಗೆ ಹೋಗಬೇಕಾದರೆ ಅಧಿಕಾರಿಯ ಅನುಮತಿ ಬೇಕು. ಹೊರಗಿನವನು ಅಂಗಡಿಯಿಡಬೇಕಾದರೂ 1954ರ ನಿಯಮದಂತೆ ಜಿಲ್ಲಾ ಸ್ವಾಯತ್ತ ಮಂಡಲಿಯ ಪರವಾನಗಿ ಪಡೆಯಬೇಕು. ಪರವಾನಗಿಗೆ ಅಲೆಯುವುದು ಯಾರಿಗೆ ಬೇಕು? ಖಾಸಿಯವರೊಬ್ಬರ ಹೆಸರಿನಲ್ಲಿ ಬೋರ್ಡು ಹಾಕಿ, ತಿಂಗಳಿಗಿಷ್ಟು ಎಂದು ಕೊಟ್ಟು, ಗಲ್ಲಾಪೆಟ್ಟಿಗೆ ತಾನು ಇಟ್ಟುಕೊಳ್ಳುವ ದಾರಿ ಇದ್ದೇ ಇದೆ.

ನಮ್ಮ ಮನೆಯೊಡತಿಗೂ ಅಂಥ ಗಿರಾಕಿಯೊಬ್ಬ ಬಂದ. ರಸ್ತೆಬದಿಯ ಜಾಗ ಮೂವತ್ತು ವರ್ಷಕ್ಕೆ, ಹೆಸರು ಅವಳದು, ವ್ಯಾಪಾರ ಅವನದು, ಮುಂಗಡವಾಗಿ ದೊಡ್ಡ ಮೊತ್ತ. ಆಗ ಅವಳ ತಾಯಿಗೆ ಗುವಾಹಾಟಿಯಲ್ಲಿ ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಕಾಗದಪತ್ರದ ಇಂಗ್ಲಿಷು ಬಲ್ಲವನೆಂದು ಕರಡನ್ನು ನನ್ನ ಕೈಗೆ ಕೊಟ್ಟಳು. ಮೊದಲ ಸಾಲಿನಲ್ಲೇ ಅವಳನ್ನು 'ಸಂಪೂರ್ಣ ಹಾಗೂ ಏಕಮಾತ್ರ ಮಾಲೀಕಳು' ಎಂದು ಬರೆದಿತ್ತು. ಒಂಬತ್ತನೆಯ ಕಲಮಿನಲ್ಲಿ, ಕುಟುಂಬದ ಯಾರಾದರೂ ತಕರಾರು ತಂದರೆ ನಷ್ಟ ಅವಳೇ ಕಟ್ಟಿಕೊಡಬೇಕೆಂದಿತ್ತು. ಅವೆರಡನ್ನೂ ಜೋಡಿಸಿ ಓದಿ ಹೇಳಿದೆ. ಅವಳು ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ, "ತಾಯಿಯ ಔಷಧಿ ನನ್ನ ತಲೆಯ ಮೇಲೆ, ರುಜುವಿಗೆ ಮಾತ್ರ ಮಾವ ಬೇಕು, ಇದು ಯಾವ ನ್ಯಾಯ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಆ ಪ್ರಶ್ನೆಯನ್ನು ಅವಳು ಮನೆತನದ ಸಭೆಯಲ್ಲಿಯೂ ಕೇಳಿದಳಂತೆ. ಮುದುಕರು ಕರಡನ್ನು ಒಪ್ಪಲಿಲ್ಲ, ಆದರೆ ಬರಿಗೈಯಲ್ಲಿ ಎದ್ದೂ ಹೋಗಲಿಲ್ಲ. ಅಣ್ಣಂದಿರಿಬ್ಬರಿಂದ ಶಸ್ತ್ರಚಿಕಿತ್ಸೆಗೆ ದುಡ್ಡು ಹಾಕಿಸಿದರು. ಜಾಗವನ್ನು ಸ್ವಂತ ಹೆಸರಿನಲ್ಲಿ ಪರವಾನಗಿಯಿದ್ದ ಬೇರೊಬ್ಬ ವ್ಯಾಪಾರಿಗೆ ಮೂರೇ ವರ್ಷಕ್ಕೆ ಬಾಡಿಗೆಗೆ ಕೊಟ್ಟರು. ಪತ್ರದಲ್ಲಿ ಮಾವನನ್ನು ಏನೆಂದು ಬರೆಯಬೇಕೆಂದು ತಿಳಿಯದೆ ಟೈಪಿಸ್ಟು 'ಸಾಕ್ಷಿ' ಎಂದು ಹೊಡೆದಿದ್ದ. ನಾನು ಅದನ್ನು ಹೊಡೆದುಹಾಕಿ 'ಒಪ್ಪಿಗೆ ಕೊಟ್ಟ ಕಕ್ಷಿದಾರ' ಎಂದು ಮಾಡಿಸಿದೆ. ಇಪ್ಪತ್ತು ವರ್ಷದ ಗುಮಾಸ್ತಗಿರಿಯಲ್ಲಿ ನಾನು ಮಾಡಿದ ತಿದ್ದುಪಡಿಗಳಲ್ಲಿ ನನಗೆ ಸಮಾಧಾನ ಕೊಟ್ಟದ್ದು ಇದೊಂದೇ.

ಇದೇ ಸಂಗತಿ ದೊಡ್ಡ ಅಳತೆಯಲ್ಲಿ ನಡೆದರೆ ಹೇಗಿರುತ್ತದೆಂಬುದಕ್ಕೆ ನೋಂಗ್‌ಟ್ರಾಯ್ ಎಂಬ ಹಳ್ಳಿಯಿದೆ, ಬಾಂಗ್ಲಾದೇಶದ ಗಡಿಯ ಹತ್ತಿರ. ಅಲ್ಲಿಯ ಗುಡ್ಡವೆಲ್ಲ ಸುಣ್ಣಕಲ್ಲು. ಲಾಫಾರ್ಜ್ ಎಂಬ ಫ್ರೆಂಚ್ ಸಿಮೆಂಟು ಕಂಪನಿ ಗಡಿಯಾಚೆ ಛಾತಕದಲ್ಲಿ ಕಾರ್ಖಾನೆ ಕಟ್ಟಿ, ಈ ಕಲ್ಲನ್ನು 17 ಕಿಲೋಮೀಟರು ಉದ್ದದ ಕನ್ವೇಯರ್ ಬೆಲ್ಟಿನ ಮೇಲೆ ಸಾಗಿಸಿತು. ಕಲ್ಲು ಪಾಸ್‌ಪೋರ್ಟಿಲ್ಲದೆ ಗಡಿ ದಾಟುತ್ತದೆ! ಆ ನೆಲ ಕಾಡೋ ಅಲ್ಲವೋ ಎಂದು ವಿವಾದ ಹುಟ್ಟಿತು. ಶೆಲ್ಲಾ ಕಡೆಯ ಹೋರಾಟ ಸಮಿತಿ ವಿರೋಧಿಸಿತು, ನೋಂಗ್‌ಟ್ರಾಯಿಯ ದರ್ಬಾರು, ಅಂದರೆ ಊರಸಭೆ, ಒಪ್ಪಿಗೆ ಕೊಟ್ಟಿತ್ತು. 2010ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿತು. 2011ರ ಜುಲೈ 6ರಂದು ತೀರ್ಪು ಕೊಟ್ಟು ಮತ್ತೆ ನಡೆಯಲು ಬಿಟ್ಟಿತು. ದರ್ಬಾರಿನ ಒಪ್ಪಿಗೆಯನ್ನು ನ್ಯಾಯಾಲಯ ಗಂಭೀರವಾಗಿ ಪರಿಗಣಿಸಿತು. ಸುತ್ತಲಿನ ಪ್ರದೇಶದ ಆರೋಗ್ಯ, ಶಿಕ್ಷಣಗಳಿಗೆಂದು ಟನ್ನಿಗೆ ಕನಿಷ್ಠ 90 ರೂಪಾಯಿ ಬೇರೆಯಾಗಿಡಬೇಕೆಂಬ ಷರತ್ತೂ ಉಳಿಯಿತು.

ಊರಸಭೆಯ ಮಾತಿಗೆ ಇಷ್ಟು ಬೆಲೆ ಸಿಕ್ಕಿತಲ್ಲ ಎಂದು ಸಂತೋಷಪಡಬಹುದು. ನನಗೆ ಅರ್ಧವೇ ಸಂತೋಷ. ದರ್ಬಾರು ಎಂದರೆ ಪರಂಪರೆಯಿಂದ ಗಂಡಸರ ಸಭೆ. ಆಸ್ತಿ ಹೆಣ್ಣಿನ ಹೆಸರಿನಲ್ಲಿ ಇಳಿದುಬರುವ ನಾಡಿನಲ್ಲಿ, ಗುಡ್ಡ ಕೊಡುವ ಮಾತು ಬಂದಾಗ ಕುಳಿತು ತೀರ್ಮಾನಿಸುವವರು ಗಂಡಸರು. ಮನೆಯೊಳಗೆ ನಮ್ಮ ಒಡತಿಗೆ ಪ್ರಶ್ನೆ ಕೇಳುವ ಜಾಗವಾದರೂ ಇತ್ತು. ಇನ್ನು ದರ್ಬಾರಿನ ಮುಖ್ಯಸ್ಥರ ಅಧಿಕಾರವೂ ಪೂರ್ತಿ ಭದ್ರವಲ್ಲ. ಮನೆಗೆ, ಸಾಲಕ್ಕೆ, ವಿದ್ಯುತ್ತಿಗೆ ಎಂದು ಅವರು ಕೊಡುತ್ತಿದ್ದ ನಿರಾಕ್ಷೇಪಣಾ ಪತ್ರಗಳಿಗೆ ಕಾನೂನಿನ ಬಲವಿಲ್ಲವೆಂದು ಮೇಘಾಲಯ ಹೈಕೋರ್ಟು 2014ರ ಡಿಸೆಂಬರಿನಲ್ಲಿ ಹೇಳಿತು. ಆ ಚಳಿಗಾಲವಿಡೀ ಚಹದಂಗಡಿಗಳಲ್ಲಿ ಅದೇ ಮಾತು.

ಕಲ್ಲಿದ್ದಲಿನ ವಿಷಯದಲ್ಲಿ 2019ರ ಜುಲೈ 3ರ ಸುಪ್ರೀಂ ಕೋರ್ಟಿನ ತೀರ್ಪು ಎರಡನ್ನೂ ಉಳಿಸಿಕೊಂಡಿತು. ಅಲ್ಲಿಯ ಗುಡ್ಡದ ನೆಲದಡಿಯ ಕಲ್ಲಿದ್ದಲು ನೆಲದ ಒಡೆಯರದೇ, ಸರಕಾರದ್ದಲ್ಲ. ಆದರೆ ಅಗೆಯಬೇಕಾದರೆ 1957ರ ಗಣಿ ಕಾಯಿದೆಯಂತೆ ಗುತ್ತಿಗೆ ಪಡೆಯಲೇಬೇಕು. ನೆಲದ ಒಡೆಯರೆಂದರೆ ಆ ಗುತ್ತಿಗೆ ಕಾಗದದಲ್ಲಿ ಯಾರ ಹೆಸರು ಬರೆಯುತ್ತಾರೆ, ಮಾವನದೋ ಕಿರಿಯ ಮಗಳದೋ, ಎಂಬುದನ್ನು ನೋಡುವಷ್ಟರಲ್ಲಿ ನನಗೆ ದೆಹಲಿಗೆ ವರ್ಗವಾಗಿತ್ತು.