ಜೋಗದ ಕಲ್ಲು, ಬಂದಳಿಕೆಯ ಲೆಕ್ಕ

ಬಂದಳಿಕೆ ಕಡೆಯ ಪಿಯು ಮಕ್ಕಳಿಗೆ ಟ್ಯೂಷನ್ ಅಂದರೆ ಶಿಕಾರಿಪುರದ ಬಸ್ಸು ಹಿಡಿಯಬೇಕು. ಆದರೆ ಭೌತಶಾಸ್ತ್ರದ ಲೆಕ್ಕಕ್ಕೆ ಪಕ್ಕದಲ್ಲಿ ಕೂತ ಗೆಳತಿಯೇ ಎಷ್ಟೋ ಸಲ ಸಾಕು.

ನಮ್ಮ ಜಿಲ್ಲೆಯದೇ ಲೆಕ್ಕ ತಗೊಳ್ಳಿ. ಜೋಗದ 253 ಮೀಟರ್ ಎತ್ತರದಿಂದ ಕಲ್ಲು ಬಿದ್ದರೆ ತಳ ಮುಟ್ಟುವಾಗ ಅದರ ವೇಗ ಎಷ್ಟು? ಗಾಳಿಯ ತಡೆ ಬಿಡಿ. ಒಬ್ಬಳು ಮೊದಲು ಸಮಯ ತೆಗೆಯುತ್ತಾಳೆ, ಸುಮಾರು 7.2 ಸೆಕೆಂಡು, ಅದನ್ನು 9.8ರಿಂದ ಗುಣಿಸುತ್ತಾಳೆ. ಇನ್ನೊಬ್ಬ ಸಮಯದ ಗೊಡವೆಗೇ ಹೋಗದೆ, ಮೇಲಿದ್ದ ಶಕ್ತಿಯೆಲ್ಲ ಚಲನಶಕ್ತಿಯಾಯಿತು ಅಂತ ಬರೆಯುತ್ತಾನೆ. ಇಬ್ಬರಿಗೂ ಬರುವುದು ಸೆಕೆಂಡಿಗೆ ಸುಮಾರು 70 ಮೀಟರ್. ಆಗ ಮೂರನೆಯವಳು ಕೇಳುತ್ತಾಳೆ, "ಕಲ್ಲಿನ ತೂಕ ಕೊಟ್ಟೇ ಇಲ್ವಲ್ಲೋ?" ನನಗೆ ಈ ಪ್ರಶ್ನೆಯೇ ಎಲ್ಲಕ್ಕಿಂತ ಇಷ್ಟ. ದ್ರವ್ಯರಾಶಿ ಎರಡೂ ಬದಿಯಿಂದ ಹೊಡೆದುಹೋಗುವುದನ್ನು ವಿವರಿಸುವಾಗಲೇ ವಿವರಿಸುವವನಿಗೂ ಅದು ಪೂರ್ತಿ ಅರ್ಥವಾಗುವುದು.

ಹಾರ್ವರ್ಡಿನ ಎರಿಕ್ ಮಜೂರ್ 1990ರ ದಶಕದಲ್ಲಿ ಇದನ್ನೇ ತರಗತಿಯ ಪದ್ಧತಿ ಮಾಡಿದರು: ಮೇಷ್ಟ್ರು ಉತ್ತರ ಹೇಳುವ ಮೊದಲು ಪಕ್ಕದವರ ಜೊತೆ ವಾದ ಮಾಡಿ. ಈಗಷ್ಟೇ ಕಲಿತವರಿಗೆ ಎಲ್ಲಿ ತೊಡಕಾಯಿತು ಅನ್ನುವುದು ಇನ್ನೂ ನೆನಪಿರುತ್ತದೆ. ಮೇಷ್ಟ್ರಿಗೆ ಅದು ಮರೆತು ವರ್ಷಗಳೇ ಆಗಿರುತ್ತವೆ.

ಮತ್ತೆ ನಮ್ಮ ಬಂದಳಿಕೆಗೆ ಬಂದರೆ, ಪಕ್ಕದ ಬಳ್ಳಿಗಾವಿಯ ಕೋಡಿಯ ಮಠದಲ್ಲಿ ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತೆಂದು 1162ರ ಶಾಸನ ಹೇಳುತ್ತದೆ. ಓದು ಈ ಸೀಮೆಗೆ ಹೊಸದಲ್ಲ.

ಮಕ್ಕಳೇ, ಮುಂದಿನ ಲೆಕ್ಕ: ದೊಡ್ಡ ಮಳೆಹನಿಯೂ ಸೆಕೆಂಡಿಗೆ ಹತ್ತು ಮೀಟರ್ ವೇಗ ಮುಟ್ಟುವುದು ಕಷ್ಟ. ಯಾಕೆ? ಈ ಸಲ ಗಾಳಿಯ ತಡೆ ಬಿಡಬೇಡಿ.