ಮರೆತ ಇಲಿಯೋ, ಕಾಣದ ಇಲಿಯೋ?

ಶಿಕ್ಷಕ ಮಿತ್ರರೇ, ‘ಈ ಮಗುವಿಗೆ ಎಷ್ಟು ಹೇಳಿಕೊಟ್ಟರೂ ತಲೆಯಲ್ಲಿ ನಿಲ್ಲುವುದಿಲ್ಲ’ ಎಂದು ನಾವು ಎಷ್ಟು ಸಲ ಹೇಳಿಲ್ಲ! ನಾನೂ ಹೇಳಿದ್ದೇನೆ. ಹೇಳಿದ್ದಷ್ಟೇ ಅಲ್ಲ, ಬರೆದೂ ಇದ್ದೇನೆ. ಆ ವಿಷಯಕ್ಕೆ ಬರುವ ಮೊದಲು ಇಲಿಗಳ ಒಂದು ಪ್ರಯೋಗದ ಕಥೆ ಕೇಳಿ.

ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ ಓದುವಾಗ ನಮ್ಮ ವಿಭಾಗದ ಪಂಜರಗಳಲ್ಲಿ ಕೆಂಪು ಕಣ್ಣಿನ ಬಿಳಿ ಇಲಿಗಳಿದ್ದವು. ಪ್ರಯೋಗಾಲಯದ ಇಲಿಗಳೆಲ್ಲ ಒಂದೇ ಎಂದು ಆಗ ತಿಳಿದಿದ್ದೆ. ಹಾಗಲ್ಲ. ದನಗಳಲ್ಲಿ ಹಳ್ಳಿಕಾರ್, ಅಮೃತಮಹಲ್ ಇರುವಂತೆ ಈ ಇಲಿಗಳಲ್ಲೂ ತಳಿಗಳಿವೆ. ವಿಸ್ಟಾರ್, ಸ್ಪ್ರೇಗ್-ಡಾಲಿ ತಳಿಗಳು ಬಿಳಿ. ಲಾಂಗ್-ಇವಾನ್ಸ್ ತಳಿಯಲ್ಲಿ ಸಾಮಾನ್ಯವಾಗಿ ತಲೆ, ಹೆಗಲು ಕಪ್ಪು, ಕಣ್ಣೂ ಕಪ್ಪು. ಇವುಗಳಲ್ಲಿ ಯಾವ ತಳಿಗೆ ಜಾಗದ ನೆನಪು ಚೆನ್ನಾಗಿದೆ?

ಇದನ್ನು ಅಳೆಯಲು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಮೋರಿಸ್ 1981ರಲ್ಲಿ ಒಂದು ಸರಳ ಉಪಾಯ ಪ್ರಕಟಿಸಿದರು. ದೊಡ್ಡ ದುಂಡನೆಯ ತೊಟ್ಟಿ. ಅದರಲ್ಲಿ ಹಾಲು ಬೆರೆಸಿ ಬೆಳ್ಳಗೆ ಮಾಡಿದ ನೀರು. ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಕಣ್ಣಿಗೆ ಬೀಳದಂತೆ, ಒಂದು ಪುಟ್ಟ ಕಟ್ಟೆ. ಇಲಿ ಈಜುತ್ತಾ ಕಟ್ಟೆಯನ್ನು ಹುಡುಕಬೇಕು. ಕಟ್ಟೆ ಕಾಣದ ಕಾರಣ ಕೋಣೆಯಲ್ಲಿರುವ ಬಾಗಿಲು, ದೀಪ, ಗೋಡೆಯ ಚಿತ್ರಗಳೇ ಅದಕ್ಕೆ ಗುರುತು.

ಈ ತೊಟ್ಟಿಯಲ್ಲಿ ಎರಡು ಬಗೆಯ ನೆನಪನ್ನು ಪರೀಕ್ಷಿಸಬಹುದು. ಕಟ್ಟೆಯನ್ನು ದಿನವೂ ಒಂದೇ ಕಡೆ ಇಟ್ಟರೆ ಅದು ‘ನಮ್ಮ ಮನೆ ಯಾವ ಬೀದಿಯಲ್ಲಿದೆ’ ಎಂಬಂಥ ನೆನಪು. ದಿನಕ್ಕೊಂದು ಕಡೆ ಇಟ್ಟರೆ ಅದು ‘ಇವತ್ತು ಸಂತೆಯಲ್ಲಿ ಸೈಕಲ್ ಎಲ್ಲಿ ನಿಲ್ಲಿಸಿದೆ’ ಎಂಬಂಥ ನೆನಪು. ಮೊದಲನೆಯದು ಬಹುಕಾಲ ಉಳಿಯಬೇಕು. ಎರಡನೆಯದನ್ನು ದಿನವೂ ಹೊಸದಾಗಿ ಬರೆದುಕೊಳ್ಳಬೇಕು.

2002ರಲ್ಲಿ ಕೆನಡಾದ ಲೆತ್‌ಬ್ರಿಜ್ ವಿಶ್ವವಿದ್ಯಾಲಯದ ಹಾರ್ಕರ್ ಮತ್ತು ವಿಷಾ ಎಂಬ ಸಂಶೋಧಕರು ಹಲವು ತಳಿಗಳಿಗೆ ಈ ಎರಡೂ ಪರೀಕ್ಷೆ ಕೊಟ್ಟು ಹೋಲಿಸಿದರು. ಬಿಳಿ ತಳಿಗಳು ಲಾಂಗ್-ಇವಾನ್ಸ್‌ಗಿಂತ ಹಿಂದೆ ಬಿದ್ದವು. ಹಾಗಾದರೆ ಬಿಳಿ ಇಲಿ ದಡ್ಡ ಎಂದು ಬಿಡೋಣವೇ?

ತಡೆಯಿರಿ. ಬಿಳಿ ಇಲಿಯ ಕಣ್ಣಿನಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಇಲ್ಲ. ಅದರ ದೃಷ್ಟಿಯ ತೀಕ್ಷ್ಣತೆ ಕಪ್ಪು ಕಣ್ಣಿನ ಇಲಿಯ ಸುಮಾರು ಅರ್ಧದಷ್ಟು. ಗೋಡೆಯ ಗುರುತೇ ಮಸುಕಾಗಿದ್ದರೆ ನೆನಪಿಡುವುದಾದರೂ ಏನನ್ನು? ಎಲ್ಲಕ್ಕೂ ಕಣ್ಣೇ ಕಾರಣ ಎಂದೂ ಹೇಳುವಂತಿಲ್ಲ. ಡಾರ್ಕ್ ಅಗೂಟಿ ತಳಿಯ ಕಣ್ಣಿನಲ್ಲಿ ಬಣ್ಣವಿದೆ. ಆದರೂ ಅದು ಹಿಂದೆ ಬಿತ್ತು. ಅದು ತಲೆಮಾರುಗಳಿಂದ ಹತ್ತಿರದ ಸಂಬಂಧದಲ್ಲೇ ಕೂಡಿಸಿ ಬೆಳೆಸಿದ ತಳಿ. ಆದ್ದರಿಂದಲೇ ಸಂಶೋಧಕರು ಇನ್ನೊಂದು ಪರೀಕ್ಷೆಯನ್ನೂ ಮಾಡುತ್ತಾರೆ. ಕಟ್ಟೆಯನ್ನು ನೀರಿನ ಮೇಲೆ ಕಾಣುವಂತೆ ಇಡುತ್ತಾರೆ. ಆಗಲೂ ಇಲಿ ಅಲ್ಲಿಗೆ ಹೋಗದಿದ್ದರೆ ತಪ್ಪು ನೆನಪಿನದೇ ಎನ್ನಲಾಗದು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸುಮಾರು 18 ವರ್ಷಗಳ ಹಿಂದೆ ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಕೊನೆಯ ಸಾಲು. ಬೋರ್ಡಿನಲ್ಲಿ ಬರೆದದ್ದನ್ನು ಕೇಳಿದರೆ ಸುಮ್ಮನೆ ನಿಲ್ಲುತ್ತಿದ್ದಳು. ಪ್ರಗತಿ ಪತ್ರದಲ್ಲಿ ‘ನೆನಪಿನ ಶಕ್ತಿ ಕಡಿಮೆ’ ಎಂದು ಬರೆದೆ. ಅದೇ ಹುಡುಗಿ ದಿನವೂ ತೋಟದ ಮನೆಯಿಂದ ಗದ್ದೆಬದುಗಳ ಮೇಲೆ, ಹಳ್ಳ ದಾಟಿ, ಇಬ್ಬರು ಚಿಕ್ಕ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದಳು. ಆ ದಾರಿ ತಲೆಯಲ್ಲಿ ನಿಂತಿದ್ದು ಹೇಗೆ ಎಂದು ನಾನು ಯೋಚಿಸಲಿಲ್ಲ. ಮುಂದಿನ ವರ್ಷ ಶಾಲೆಯಲ್ಲಿ ಕಣ್ಣಿನ ತಪಾಸಣೆ ನಡೆದು ಅವಳಿಗೆ ಕನ್ನಡಕ ಬಂತು. ‘ಸಾರ್, ಬೋರ್ಡ್ ಮೇಲೆ ಇಷ್ಟೊಂದು ಬರೀತಿದ್ರಾ?’ ಎಂದಳು. ಅವಳೇನೂ ತರಗತಿಗೆ ಮೊದಲಿಗಳಾಗಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳತೊಡಗಿದಳು. ನಾನು ಶಾಯಿಯಲ್ಲಿ ಬರೆದ ಸಾಲು ಮಾತ್ರ ಹಾಗೆಯೇ ಉಳಿಯಿತು.

ನೀವೂ ಮಾಡಿ ನೋಡಿ: 1976ರಲ್ಲಿ ಅಮೆರಿಕದ ಡೇವಿಡ್ ಓಲ್ಟನ್ ಮತ್ತು ಸಂಗಡಿಗರು ಎಂಟು ಕವಲುದಾರಿಗಳ ತುದಿಯಲ್ಲಿ ಆಹಾರವಿಟ್ಟು, ಇಲಿ ಹೋದ ದಾರಿಗೇ ಮತ್ತೆ ಹೋಗುತ್ತದೆಯೇ ಎಂದು ನೋಡಿದರು. ನಮಗೆ ಎಂಟು ತೆಂಗಿನ ಚಿಪ್ಪು ಸಾಕು. ದುಂಡಗೆ ಕವುಚಿ, ಪ್ರತಿಯೊಂದರ ಕೆಳಗೂ ಒಂದು ಹುಣಸೆ ಬೀಜ ಇಡಿ. ಮಗು ಒಂದು ಚಿಪ್ಪೆತ್ತಿ ಬೀಜ ತೆಗೆದು, ಮತ್ತೆ ಕವುಚಿ, ಬಾಗಿಲ ತನಕ ಹೋಗಿ ಬಂದು ಇನ್ನೊಂದನ್ನು ಎತ್ತಲಿ. ಮೊದಲ ಎಂಟು ಸಲದಲ್ಲಿ ಎಷ್ಟು ಬೀಜ ಸಿಕ್ಕವು? ಇದು ಇವತ್ತಿನ ನೆನಪು. ನಂತರ ಒಂದು ವಾರ, ದಿನವೂ ಅವೇ ನಾಲ್ಕು ಚಿಪ್ಪುಗಳ ಕೆಳಗೆ ಮಾತ್ರ ಬೀಜ ಇಡಿ. ಇದು ಉಳಿಯುವ ನೆನಪು. ಎರಡರಲ್ಲೂ ಒಂದೇ ಮಗು ಮುಂದಿರುತ್ತದೆಯೇ? ಬರೆದಿಡಿ.

ಆಟಕ್ಕೆ ಮೊದಲು ಇನ್ನೊಂದು ಕೆಲಸ. ಬೋರ್ಡಿನ ಮೇಲೆ ನಾಲ್ಕು ಅಕ್ಷರ ಬರೆದು, ಕೊನೆಯ ಸಾಲಿನಲ್ಲಿ ಕುಳಿತವರಿಂದ ಒಬ್ಬೊಬ್ಬರಾಗಿ ಓದಿಸಿ.